ತೋಳಿನ ಬಿ.ಪಿ., ಎದೆಯ ಬಿ.ಪಿ.

ಜುಲೈ ಕಳೆದು ಆಗಸ್ಟ್ ಬರುವ ಹೊತ್ತಿಗೆ ನಮ್ಮ ಮನೆಯ ಫೋನಿಗೆ ಒಂದು ಬಗೆಯ ಕರೆಗಳು ಶುರುವಾಗುತ್ತವೆ. ಹೈಸ್ಕೂಲಿನ ಆಟದ ತಂಡಗಳಿಗೆ ಸೇರುವ ಮಕ್ಕಳು ಡಾಕ್ಟರರಿಂದ ಫಾರಂ ತುಂಬಿಸಿ ತರಬೇಕಲ್ಲ, ಅದರ ಕಾಲ ಅದು. ನಾನು ಮಕ್ಕಳ ಡಾಕ್ಟರಲ್ಲ, ದೊಡ್ಡವರನ್ನು ನೋಡುವ ಇಂಟರ್ನಿಸ್ಟ್. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಕೂಟದವರ ಲೆಕ್ಕದಲ್ಲಿ ಡಾಕ್ಟರ್ ಎಂದರೆ ಡಾಕ್ಟರೇ. ಹಲ್ಲುನೋವಿಗೂ ಕೇಳುತ್ತಾರೆ, ಊರಿನಲ್ಲಿರುವ ಅತ್ತೆಯವರ ಮಂಡಿನೋವಿಗೂ ಕೇಳುತ್ತಾರೆ. ಬೇಜಾರೇನಿಲ್ಲ. ಆದರೆ ಈಚಿನ ನಾಲ್ಕೈದು ವರ್ಷಗಳಲ್ಲಿ ಒಂದು ಪ್ರಶ್ನೆ ಮಾತ್ರ ಮತ್ತೆ ಮತ್ತೆ ಬರುತ್ತಿದೆ: “ಡಾಕ್ಟ್ರೇ, ಮಗನಿಗೆ ಬಿ.ಪಿ. ಜಾಸ್ತಿ ಇದೆ ಅಂದ್ರು. ಈ ವಯಸ್ಸಿಗೇ ಮಾತ್ರೆ ಶುರು ಮಾಡ್ಬೇಕಾ?”

ಇದಕ್ಕೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಡಲಾಗುವುದಿಲ್ಲ. ಕೊಟ್ಟರೂ ಅದು ಅರ್ಧ ಸತ್ಯವಾಗುತ್ತದೆ. ಅದಕ್ಕೇ ಈ ಬರಹ.

ಹೋದ ವರ್ಷ ಹೀಗೆ ಕೇಳಿದ ಒಂದು ಮನೆಯವರ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ. ‘ಹುಡುಗ’ ಎಂದೇ ಕರೆಯೋಣ. ಇಲ್ಲೇ ಸ್ಯಾನ್ ರಮೋನಿನಲ್ಲಿ, ಡೌಹರ್ಟಿ ವ್ಯಾಲಿಯ ಕಡೆ ಮನೆ. ಹುಡುಗನಿಗೆ ಹದಿನೈದು ವರ್ಷ, ಆರಡಿಯ ಮೇಲೆ ಒಂದಿಂಚು. ಒಂದೇ ವರ್ಷದಲ್ಲಿ ನಾಲ್ಕು ಇಂಚು ಬೆಳೆದು ಎಲ್ಲ ಪ್ಯಾಂಟುಗಳನ್ನೂ ದಾನಕ್ಕೆ ಕಳಿಸಿದವನು. ಮೈಯಲ್ಲಿ ಕೊಬ್ಬಿಲ್ಲ, ಬ್ಯಾಸ್ಕೆಟ್‌ಬಾಲ್ ಹುಚ್ಚು. ಫಾರಂ ತುಂಬಿಸಲು ಹೋದಾಗ ಬಿ.ಪಿ. 144/66 ಬಂತು. ಇನ್ನೊಮ್ಮೆ ನೋಡಿದರು, 140. ಫಾರಂ ಅಲ್ಲಿಗೇ ನಿಂತಿತು.

ಆ ಹೊತ್ತಿಗೆ ಮೈಸೂರಿನಿಂದ ಹುಡುಗನ ತಾತ ಆರು ತಿಂಗಳಿಗೆಂದು ಬಂದಿದ್ದರು. ರಿಟೈರ್ ಆದ ಮೇಲೆ ಬಿ.ಪಿ. ನೋಡಿಕೊಳ್ಳುವುದನ್ನು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಮಾಡುವವರು. ತಮ್ಮ ಯಂತ್ರವನ್ನು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ತಂದಿದ್ದರು. ಮೊಮ್ಮಗನನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅವನು ಐರನ್ ಹಾರ್ಸ್ ಟ್ರೇಲಿನಲ್ಲಿ ಓಡಿ ಬಂದ ಕೂಡಲೇ ಬಾಗಿಲಲ್ಲೇ ನಿಲ್ಲಿಸಿ ಇನ್ನೊಂದು ಸಲ ಅಳೆಯತೊಡಗಿದರು. ಒಂದು ನೋಟ್ ಪುಸ್ತಕವೇ ತುಂಬಿತು. ತಾಯಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳನ್ನೆಲ್ಲ ಗರಾಜಿಗೆ ಸಾಗಿಸಿದರು. ಪಾಪ, ಇದರಿಂದ ಹುಡುಗನಿಗಿಂತ ಅವನಪ್ಪನಿಗೇ ಹೆಚ್ಚು ಕಷ್ಟವಾಯಿತೆಂದು ಕಾಣುತ್ತದೆ.

ಒಂದು ಭಾನುವಾರ ನಾನೇ ಹೋದೆ. ಬೆನ್ನಿಗೆ ಆಸರೆ ಕೊಟ್ಟು ಕುರ್ಚಿಯಲ್ಲಿ ಕೂರಿಸಿ, ಪಾದಗಳನ್ನು ನೆಲಕ್ಕೆ ಊರಿಸಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಿಸಿ, ಐದು ನಿಮಿಷ ಯಾರೂ ಮಾತಾಡಬಾರದೆಂದು ಹೇಳಿದೆ. (ನಮ್ಮವರ ಮನೆಯಲ್ಲಿ ಇದೇ ಅತ್ಯಂತ ಕಠಿಣ ಭಾಗ.) ಅಳೆದದ್ದು ಬಲತೋಳಿನಲ್ಲಿ. ಮಕ್ಕಳಲ್ಲಿ ಬಲತೋಳೇ ಏಕೆಂದರೆ, ಹುಟ್ಟಿನಿಂದಲೇ ಮಹಾಪಧಮನಿ ಒಂದು ಕಡೆ ಕಿರಿದಾಗಿರುವ ಅಪರೂಪದ ದೋಷವೊಂದಿದೆ; ಅದಿದ್ದರೆ ಎಡತೋಳಿನ ಅಂಕಿ ತಪ್ಪಾಗಿ ಕಡಿಮೆ ಬರಬಹುದು. ಅದೇ ಕಾರಣಕ್ಕೆ ತೊಡೆಸಂದಿನ ನಾಡಿಯನ್ನೂ ಮುಟ್ಟಿ ನೋಡಿದೆ, ಚೆನ್ನಾಗಿಯೇ ಬಡಿಯುತ್ತಿತ್ತು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡಾ 80ರಿಂದ 100ರಷ್ಟನ್ನು ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಬರುತ್ತದೆ. ಇದೆಲ್ಲ ಸರಿಯಾಗಿತ್ತು. ಸ್ಟೆತಾಸ್ಕೋಪಿಟ್ಟು ಕೇಳಿದಾಗ 138/66. ತಾತನ ಪುಸ್ತಕದ 150, 152 ಬರಲಿಲ್ಲವೆಂಬುದು ನಿಜ. ಆದರೆ 138 ಕೂಡ ಹದಿನೈದರ ಹುಡುಗನಿಗೆ ಸರಿಯಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಹದಿಮೂರು ತುಂಬಿದ ಮೇಲೆ ಮಕ್ಕಳಿಗೂ ದೊಡ್ಡವರದೇ ಗೆರೆ: 130/80. ಅದಕ್ಕಿಂತ ಚಿಕ್ಕವರಿಗೆ ವಯಸ್ಸು, ಎತ್ತರ, ಗಂಡೋ ಹೆಣ್ಣೋ ನೋಡಿ ಕೋಷ್ಟಕದಲ್ಲಿ ಹುಡುಕಬೇಕು. ಒಂದು ದಿನದ ಅಂಕಿಯಿಂದ ಹಣೆಪಟ್ಟಿ ಹಚ್ಚುವಂತಿಲ್ಲ. ಬೇರೆ ಬೇರೆ ಮೂರು ಭೇಟಿಗಳಲ್ಲಿ ಹೆಚ್ಚು ಬರಬೇಕು. ಇವನಿಗೆ ಮೂರರಲ್ಲೂ ಹೆಚ್ಚೇ ಬಂತು.

ನನಗೆ ಕುತೂಹಲ ಹುಟ್ಟಿಸಿದ್ದು ಆ ಎರಡು ಅಂಕಿಗಳ ನಡುವಿನ ಅಂತರ. ಕೆಳಗಿನದು 66, ಬಂಗಾರದಂಥ ಅಂಕಿ. ಮೇಲಿನದು ಮಾತ್ರ ಏರಿ ಕೂತಿದೆ. ಉದ್ದಕ್ಕೆ ಬೆಳೆದ, ಆಟವಾಡುವ ಹುಡುಗರಲ್ಲಿ ಇದು ಆಗಾಗ ಕಾಣುತ್ತದೆ. ಈ ಬರಹದ ತಿರುಳಿರುವುದು ಇಲ್ಲೇ: ನಾವು ತೋಳಿನಲ್ಲಿ ಅಳೆಯುವ ಒತ್ತಡ ಹೃದಯದ ಬಾಗಿಲಲ್ಲಿರುವ ಒತ್ತಡವಲ್ಲ.

ಒಗೆದ ಪಂಚೆಯನ್ನು ಹಿಂಡಿ ಒದರುವುದನ್ನು ನೆನಪು ಮಾಡಿಕೊಳ್ಳಿ. ಕೈ ಅಲ್ಲಾಡುವುದು ಒಂದು ಗೇಣು ಮಾತ್ರ. ಆದರೆ ಆ ಅಲೆ ಬಟ್ಟೆಯುದ್ದಕ್ಕೂ ಓಡಿ ತುದಿಗೆ ಬಂದಾಗ ಚಟೀರೆಂದು ಸಿಡಿಯುತ್ತದೆ. ಹೃದಯ ಬಡಿದಾಗ ರಕ್ತನಾಳಗಳಲ್ಲಿ ಹೊರಡುವುದೂ ಇಂಥದೇ ಒಂದು ಅಲೆ. ಹೃದಯದಿಂದ ಹೊರಟ ಮಹಾಪಧಮನಿ ದಪ್ಪ, ಅಗಲ, ಹಿಗ್ಗುವ ಗುಣದ್ದು. ತೋಳಿಗೆ ಬರುವ ನಾಳಗಳು ಕಿರಿದು, ಬಿಗಿ. ಅಲೆ ಮುಂದೆ ಓಡುತ್ತ ಮೊನಚಾಗುತ್ತದೆ. ಸಾಲದ್ದಕ್ಕೆ ಕೈಯ ಸಣ್ಣ ಸಣ್ಣ ನಾಳಗಳಿಗೆ ಬಡಿದು ವಾಪಸು ಬರುವ ಅಲೆಯೂ ಅದರ ನೆತ್ತಿಗೇ ಸೇರಿಕೊಳ್ಳುತ್ತದೆ. ಹೀಗಾಗಿ ಮೇಲಿನ ಅಂಕಿ ತೋಳಿನಲ್ಲಿ ಹೆಚ್ಚು, ಮಹಾಪಧಮನಿಯಲ್ಲಿ ಕಡಿಮೆ. ಕೆಳಗಿನ ಅಂಕಿ ಮತ್ತು ಸರಾಸರಿ ಒತ್ತಡ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ.

ಚಿಕ್ಕವರಲ್ಲಿ ಈ ವ್ಯತ್ಯಾಸ 10, 20 ಅಂಕಿಗಳಷ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು ಇರಬಹುದು. ವಯಸ್ಸಾದಂತೆ ಮಹಾಪಧಮನಿ ಗಡುಸಾಗುತ್ತದೆ. ಅಲೆ ಬೇಗ ಓಡುತ್ತದೆ, ವಾಪಸು ಬರುವ ಅಲೆ ಹೃದಯ ಇನ್ನೂ ರಕ್ತ ತಳ್ಳುತ್ತಿರುವಾಗಲೇ ಎದುರಿಗೆ ಬಂದು ನಿಲ್ಲುತ್ತದೆ. ಆಗ ತೋಳಿಗೂ ಎದೆಗೂ ಅಂಥ ವ್ಯತ್ಯಾಸ ಉಳಿಯುವುದಿಲ್ಲ. ಅಂದರೆ ತಾತನ ತೋಳಿನ 138, ಮೊಮ್ಮಗನ ತೋಳಿನ 138 ಕಾಗದದ ಮೇಲೆ ಒಂದೇ ಅಂಕಿಯಾದರೂ ಒಳಗೆ ಬೇರೆ ಬೇರೆ. ಹೃದಯ ತಳ್ಳಬೇಕಾದದ್ದು, ಮಿದುಳು ಮತ್ತು ಕಿಡ್ನಿಗಳ ಮೇಲೆ ಬೀಳುವುದು ಒಳಗಿನ ಒತ್ತಡ. ತೋಳು ಬರೀ ನಮಗೆ ಕೈಗೆ ಸಿಗುವ ಜಾಗ.

ಈ ಅಲೆಯ ಕಥೆಯಲ್ಲಿ ನಮ್ಮ ದೇಶದ ಎಳೆಯೂ ಒಂದಿದೆ. ಪಾಟ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಸಾಕೆ ದೀನ್ ಮಹಮದ್ ಎಂಬಾತ 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಹೋಟೆಲು ತೆರೆದ. ಆಮೇಲೆ ಬ್ರೈಟನ್ ಊರಿನಲ್ಲಿ ಚಂಪಿ ಸ್ನಾನಗೃಹ ನಡೆಸಿದ. ಇಂಗ್ಲಿಷಿನ ಶಾಂಪೂ ನಮ್ಮ ಚಂಪಿಯಿಂದಲೇ ಬಂದದ್ದು. ಆತನ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಡಾಕ್ಟರಾದ. ಮಣಿಕಟ್ಟಿನ ನಾಡಿಯ ಮೇಲೆ ಸನ್ನೆಕಡ್ಡಿಯೊಂದನ್ನು ಇಟ್ಟು ನಾಡಿಯ ಅಲೆಯನ್ನು ಕಾಗದದ ಮೇಲೆ ಗೀರಿಸುವ ಯಂತ್ರವನ್ನು ಫ್ರಾನ್ಸಿನ ಮರೇ 1860ರಲ್ಲಿ ತಯಾರಿಸಿದ್ದ. ಮಹಮದ್ 1870ರ ದಶಕದಲ್ಲಿ ಅದನ್ನು ಸುಧಾರಿಸಿ, ಗೀರಿನ ಆಕಾರ ನೋಡಿಯೇ ಯಾರ ಒತ್ತಡ ಹೆಚ್ಚೆಂದು ಹೇಳಬಲ್ಲವನಾದ. ಕಿಡ್ನಿ ರೋಗವಿಲ್ಲದವರಲ್ಲೂ, ಎಳೆಯರಲ್ಲೂ ಒತ್ತಡ ಹೆಚ್ಚಿರಬಹುದೆಂದು ಗುರುತಿಸಿದ. 1884ರಲ್ಲಿ ಟೈಫಾಯಿಡ್ ಬಂದು ಮೂವತ್ತೈದಕ್ಕೇ ತೀರಿಹೋದ. ಮುಂದೆ 1896ರಲ್ಲಿ ಇಟಲಿಯ ರೀವಾ-ರೋಚಿ ತೋಳಿನ ಪಟ್ಟಿ ತಂದ, 1905ರಲ್ಲಿ ರಷ್ಯದ ಕೊರೊಟ್ಕೋವ್ ಆ ಪಟ್ಟಿಯ ಕೆಳಗೆ ಕೇಳುವ ಸದ್ದುಗಳನ್ನು ವಿವರಿಸಿದ. ಎರಡು ಅಂಕಿ ಸಿಕ್ಕವು, ಎಲ್ಲರಿಗೂ ಸುಲಭವಾಯಿತು. ಅಲೆಯ ಆಕಾರವನ್ನು ಮುಕ್ಕಾಲು ಶತಮಾನ ಹೆಚ್ಚಿನ ಡಾಕ್ಟರುಗಳು ಮರೆತೇಬಿಟ್ಟರು. ನಾನು ಊರಿನಲ್ಲಿ ಎಂಬಿಬಿಎಸ್ ಓದುವಾಗ ನಾಡಿಯ ಬಗೆಗಳನ್ನು ಬಾಯಿಪಾಠ ಮಾಡಿಸಿದರು. ಇಲ್ಲಿ ಬಂದು ರೆಸಿಡೆನ್ಸಿ ಮಾಡುವಾಗ ನಾಡಿ ಹಿಡಿಯಲು ಯಾರಿಗೂ ಪುರುಸೊತ್ತೇ ಇರಲಿಲ್ಲ.

ಒಳಗಿನ ಒತ್ತಡವನ್ನು ನೇರವಾಗಿ ಅಳೆಯಬೇಕಾದರೆ ತೊಡೆಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆಯನ್ನು ಮಹಾಪಧಮನಿಯವರೆಗೆ ತೂರಿಸಬೇಕು. ಆಡಿಕೊಂಡಿರುವ ಮಗುವಿಗೆ ಅದನ್ನು ಯಾರೂ ಮಾಡುವುದಿಲ್ಲ, ಮಾಡಲೂಬಾರದು. ಇದಕ್ಕೆ ಚುಚ್ಚದ ದಾರಿಯನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು ಸಿಡ್ನಿಯ ಮೈಕೆಲ್ ಓ’ರೂರ್ಕ್. ಪೆನ್ಸಿಲಿನಂಥ ಒಂದು ಸಂವೇದಕವನ್ನು ಮಣಿಕಟ್ಟಿನ ನಾಡಿಯ ಮೇಲೆ ಮೆಲ್ಲಗೆ ಒತ್ತಿ ಹಿಡಿದರೆ ಅಲೆಯ ಆಕಾರ ಸಿಗುತ್ತದೆ. ಮಹಾಪಧಮನಿಯಿಂದ ಮಣಿಕಟ್ಟಿಗೆ ಬರುವಾಗ ಅಲೆ ಹೇಗೆ ಬದಲಾಗುತ್ತದೆಂಬ ಲೆಕ್ಕ ಕಂಪ್ಯೂಟರಿಗೆ ಗೊತ್ತಿರುತ್ತದೆ. ಅದು ಹಿಂದಕ್ಕೆ ಲೆಕ್ಕ ಹಾಕಿ ಒಳಗಿನ ಅಲೆಯನ್ನು ಬರೆಯುತ್ತದೆ. ಈಗ ಪೆನ್ಸಿಲೂ ಬೇಡದ ಯಂತ್ರಗಳಿವೆ. ಮಾಮೂಲಿ ಪಟ್ಟಿಯೇ ಬಿ.ಪಿ. ನೋಡಿದ ಮೇಲೆ ಕೆಲವು ಸೆಕೆಂಡು ಅರೆಬಿಗಿಯಾಗಿ ನಿಂತು ತೋಳಿನ ಅಲೆಯನ್ನು ದಾಖಲಿಸುತ್ತದೆ. ಮಗುವಿಗೆ ನೋವಿಲ್ಲ. ಐದು ನಿಮಿಷ ಅಲುಗಾಡದೆ ಕೂರಿಸುವುದೊಂದೇ ಸಾಹಸ.

ನಮ್ಮ ಹುಡುಗನನ್ನು ಅವನ ಡಾಕ್ಟರ್ ಮಕ್ಕಳ ಕಿಡ್ನಿ ಮತ್ತು ಬಿ.ಪಿ. ನೋಡುವ ತಜ್ಞರೊಬ್ಬರ ಬಳಿ ಕಳಿಸಿದರು. ಅಲ್ಲಿ ಇಂಥದೊಂದು ಯಂತ್ರವಿತ್ತು. ತಾಯಿಗೆ ಧೈರ್ಯಕ್ಕೆಂದು ನಾನೂ ಹೋಗಿದ್ದೆ, ತಾತನೂ ಬಂದಿದ್ದರು. ತೋಳಿನಲ್ಲಿ 138/66 ಇದ್ದಾಗ ಯಂತ್ರ ಲೆಕ್ಕ ಹಾಕಿ ಕೊಟ್ಟ ಒಳಗಿನ ಒತ್ತಡ 116/67. ತಾಯಿ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಹಾಗಾದ್ರೆ ಏನೂ ಇಲ್ಲ ಅಂತ ತಾನೇ ಡಾಕ್ಟ್ರೇ?” ಎಂದರು. ತಾತ, “ನನ್ನದೂ ಒಂದು ನೋಡಿಬಿಡೋಕೆ ಹೇಳಪ್ಪಾ” ಎಂದು ತೋಳು ಮಡಚತೊಡಗಿದರು. ನರ್ಸಮ್ಮ ನಕ್ಕು, ಇದು ಮಕ್ಕಳ ಕ್ಲಿನಿಕ್ಕು ಎಂದರು.

ಏನೂ ಇಲ್ಲ ಎಂದು ಅಲ್ಲಿಗೇ ಮುಗಿಸಿಬಿಡುವುದು ಸುಲಭವಾಗಿತ್ತು. ತಜ್ಞರು ಹಾಗೆ ಮಾಡಲಿಲ್ಲ, ನನಗೂ ಅದು ಸರಿಯೆನಿಸಿತು. ಕಾರಣ ಹೇಳುತ್ತೇನೆ.

ಮೊದಲನೆಯದು ಯಂತ್ರದ ಮಾತು. ಒಳಗಿನ ಒತ್ತಡವನ್ನು ಅದು ಅಳೆಯುವುದಿಲ್ಲ, ಊಹಿಸುತ್ತದೆ. ಅಲೆಯ ಆಕಾರವನ್ನು ಅಂಕಿಯಾಗಿ ತಿರುಗಿಸಲು ಅದಕ್ಕೆ ಮತ್ತೆ ತೋಳಿನ ಪಟ್ಟಿಯ ಅಂಕಿಯೇ ಬೇಕು. ಪಟ್ಟಿಯ ಅಳತೆ ತಪ್ಪಾದರೆ ಒಳಗಿನದೂ ತಪ್ಪು. ಕೊಳಗವೇ ಸರಿಯಿಲ್ಲದಿದ್ದರೆ ರಾಗಿಯ ಲೆಕ್ಕ ಹೇಗೆ ಸರಿಯಾದೀತು? ಇನ್ನು ಹಿಂದಕ್ಕೆ ಲೆಕ್ಕ ಹಾಕುವ ಸೂತ್ರ ಮೂಲದಲ್ಲಿ ದೊಡ್ಡವರಿಂದ ಬಂದದ್ದು. ಮೂರಡಿಯ ಮಗುವಿನ ತೋಳು, ಆರಡಿಯ ಹುಡುಗನ ತೋಳು, ಅರವತ್ತರ ಗಂಡಸಿನ ತೋಳು ಮೂರರಲ್ಲೂ ಅಲೆ ಒಂದೇ ರೀತಿ ಓಡುವುದಿಲ್ಲ. ಮೆಲ್ಬರ್ನಿನವರು ಇದನ್ನೇ ಪರೀಕ್ಷಿಸಿದರು. ಬೇರೆ ಕಾರಣಕ್ಕೆ ಹೃದಯಕ್ಕೆ ಕೊಳವೆ ಹಾಕಿಸಿಕೊಳ್ಳಲೇಬೇಕಾಗಿದ್ದ ಮಕ್ಕಳಲ್ಲಿ ಯಂತ್ರದ ಅಂಕಿಯನ್ನೂ ಕೊಳವೆಯ ಅಂಕಿಯನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿದರು. ಪ್ರಸಿದ್ಧ ಯಂತ್ರಗಳೂ ಒಪ್ಪುವಷ್ಟು ನಿಖರತೆಯನ್ನು ಮುಟ್ಟಲಿಲ್ಲ. ಹಾಗೆಂದು ಅವು ಕೆಲಸಕ್ಕೆ ಬಾರದವೆಂದಲ್ಲ. ಆದರೆ 116 ಎಂದು ಬಂದರೆ ಅದನ್ನು ಶಿಲಾಶಾಸನದಂತೆ ಓದಬಾರದು.

ಎರಡನೆಯದು, ಈ ವಿಷಯದಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ಓ’ರೂರ್ಕ್ ಮತ್ತು ಸಂಗಡಿಗರು 2000ದಲ್ಲಿ, ಎತ್ತರದ ಆಟಗಾರ ಹುಡುಗರ ಈ ಏರಿದ ಅಂಕಿ ಹುಸಿ ಬಿ.ಪಿ. ಎಂದೇ ಹೆಸರಿಟ್ಟು ಬರೆದರು. 2005ರಲ್ಲಿ ಬ್ರಿಟನ್ನಿನಲ್ಲಿ ಸಾವಿರ ಮಂದಿ ಎಳೆಯರನ್ನು ನೋಡಿದವರು, ಹಾಗೇನಿಲ್ಲ, ಇವರಲ್ಲಿ ಕೆಲವರ ಹೃದಯ ಹೆಚ್ಚು ರಕ್ತ ತಳ್ಳುತ್ತಿದೆ, ಕೆಲವರ ಮಹಾಪಧಮನಿ ಆಗಲೇ ಗಡುಸಾಗಿದೆ, ಒಳಗಿನ ಒತ್ತಡವೂ ಇತರರಿಗಿಂತ ಹೆಚ್ಚೇ ಎಂದರು. ಶಿಕಾಗೋದಲ್ಲಿ ಕೆಲಸಕ್ಕಿದ್ದ ಯುವಕರನ್ನೂ ನಡುವಯಸ್ಸಿನವರನ್ನೂ 31 ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2015ರಲ್ಲಿ ಬಂತು. ಮೇಲಿನ ಅಂಕಿ ಮಾತ್ರ ಹೆಚ್ಚಿದ್ದವರು ಕೂಡ ಮುಂದೆ ಹೃದಯದ ಕಾಯಿಲೆಯಿಂದ ಸಾಯುವ ಸಂಭವ ಹೆಚ್ಚೆಂದು ಅದರಲ್ಲಿ ಕಂಡಿತು. ಅಲ್ಲಿ ಒಳಗಿನ ಒತ್ತಡ ಅಳೆದಿರಲಿಲ್ಲ ಎಂಬುದು ಬೇರೆ ಮಾತು. ಅಂತೂ ಯಾರದು ಹುಸಿ, ಯಾರದು ನಿಜ ಎಂಬುದನ್ನು ಎತ್ತರ ನೋಡಿ ಹೇಳಲು ಬರುವುದಿಲ್ಲ.

ಮೂರನೆಯದು ನಮ್ಮ ಮೈಸೂರಿನದೇ ಕಥೆ. ವಾಪಸು ಬರುವಾಗ 680ರ ಮೇಲೆ ಕಾರಿನಲ್ಲಿ ತಾತ, “ನಮ್ಮ ವಂಶದಲ್ಲಿ ಇಷ್ಟು ಚಿಕ್ಕ ವಯಸ್ಸಿಗೆ ಯಾರಿಗೂ ಬಿ.ಪಿ. ಇರಲಿಲ್ಲವಲ್ಲಪ್ಪ” ಎಂದರು. ಯಾರೂ ಅಳೆದಿರಲಿಲ್ಲ ಎನ್ನುವುದೇ ನಿಜವಿರಬೇಕು. ನೀವು ಎಲ್ಲಿ ಹುಟ್ಟಿದ್ದು ಎಂದು ಕೇಳಿದೆ. “ಮಿಷನ್ ಆಸ್ಪತ್ರೇಲಿ, ಮಂಡಿ ಮೊಹಲ್ಲಾ” ಎಂದರು. ಅದೇ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು, ಅದರಲ್ಲಿದ್ದವರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ ಪರೀಕ್ಷಿಸಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬರೆದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇಕಡಾ 11 ಜನಕ್ಕೆ ಹೃದಯದ ರಕ್ತನಾಳಗಳ ಕಾಯಿಲೆ, 3.1 ಕಿಲೋ ದಾಟಿದವರಲ್ಲಿ ಶೇಕಡಾ 3 ಮಾತ್ರ. ತಾತ ಕಿಟಕಿಯಾಚೆ ನೋಡುತ್ತ, “ಹಾಗಾದ್ರೆ ನನ್ನ ತೂಕಾನೂ ಅಲ್ಲಿ ಬರೆದಿರ್ಬಹುದು” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಎಂಟುನೂರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಯಿತು. ಹುಟ್ಟಿದ ಮಕ್ಕಳನ್ನು ಬೆಳೆದಂತೆಲ್ಲ ಮತ್ತೆ ಮತ್ತೆ ಕರೆಸಿ ನೋಡಿದರು. ಹದಿಮೂರೂವರೆ ವರ್ಷವಾದಾಗ ಅವರಲ್ಲಿ ಕೆಲವರನ್ನು ಗುರುತಿಲ್ಲದವರ ಮುಂದೆ ನಿಲ್ಲಿಸಿ, ಕಥೆ ಹೇಳಿಸಿ, ಬಾಯಿಲೆಕ್ಕ ಮಾಡಿಸಿ, ಆಗ ಬಿ.ಪಿ. ಎಷ್ಟು ಏರುತ್ತದೆಂದು ಅಳೆದರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಆ ಏರಿಕೆ ಹೆಚ್ಚಾಗಿತ್ತು. ಇದು 2015ರಲ್ಲಿ ಪ್ರಕಟವಾಯಿತು. ನಮ್ಮವರಲ್ಲಿ ಬಸುರಿನ ಸಕ್ಕರೆ ಎಷ್ಟು ಸಾಮಾನ್ಯವೆಂಬುದು ನಿಮಗೆಲ್ಲ ಗೊತ್ತು. ಹುಡುಗನ ತಾಯಿಗೂ ಇತ್ತು. ಹೆರಿಗೆಯಾದ ಮೇಲೆ ಹೋಯಿತು, ಅವರೂ ಅದನ್ನು ಮರೆತಿದ್ದರು. ಕ್ಲಿನಿಕ್ಕಿನಲ್ಲಿ ತಜ್ಞರು ಕೇಳಿದಾಗಲೇ ನೆನಪಾದದ್ದು. ಆಕೆಯ ಮುಖ ಬಾಡಿದ್ದನ್ನು ನೋಡಿ ತಜ್ಞರು, ಇದು ನಿಮ್ಮ ತಪ್ಪೆಂದು ಕೇಳುತ್ತಿಲ್ಲ, ಇವನನ್ನು ಎಷ್ಟು ವರ್ಷ ಕಣ್ಣಿಟ್ಟು ನೋಡಬೇಕೆಂದು ತಿಳಿಯಲು ಕೇಳುತ್ತಿದ್ದೇನೆ ಎಂದರು. ಹಾಗೆ ಮಾತಾಡುವ ಡಾಕ್ಟರುಗಳು ಇನ್ನೂ ಇದ್ದಾರೆಂಬುದೇ ನನಗೆ ಸಮಾಧಾನ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಇಪ್ಪತ್ನಾಲ್ಕು ಗಂಟೆ ತೋಳಿಗೆ ಪಟ್ಟಿ ಕಟ್ಟಿ ಕಳಿಸಿದರು; ಹಗಲು ರಾತ್ರಿ ತಾನೇ ಅಳೆದುಕೊಳ್ಳುವ ಯಂತ್ರ. ಡಾಕ್ಟರನ್ನು ಕಂಡ ಕೂಡಲೇ ಏರುವ ಬಿ.ಪಿ. ಯಾವುದು, ನಿದ್ದೆಯಲ್ಲೂ ಇಳಿಯದ ಬಿ.ಪಿ. ಯಾವುದು ಎಂಬುದನ್ನು ಇದು ಹೇಳುತ್ತದೆ. ನನ್ನನ್ನು ಕೇಳಿದರೆ ಮಕ್ಕಳ ವಿಷಯದಲ್ಲಿ ಇವತ್ತಿಗೂ ಇದೇ ಹೆಚ್ಚು ನಂಬಬಹುದಾದ ಸಾಕ್ಷಿ. ಒಳಗಿನ ಒತ್ತಡದ ಯಂತ್ರ ಎರಡನೆಯ ಸಾಕ್ಷಿ. ಅದನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸುವ ಕಾಲ ಬಂದಿಲ್ಲ. ಹುಡುಗನಿಗೆ ಹಗಲಿನ ಸರಾಸರಿ 131, ರಾತ್ರಿ 112 ಬಂತು. ಗೆರೆಯ ಮೇಲೆಯೇ ಕಾಲಿಟ್ಟಂತೆ, ಒಂದೆರಡು ಅಂಕಿ ಆಚೆ. ಹೃದಯದ ಎಕೋ ಮಾಡಿದರು, ಗೋಡೆ ದಪ್ಪವಾಗಿರಲಿಲ್ಲ. ಮೂತ್ರ, ಕಿಡ್ನಿ ಸರಿಯಾಗಿದ್ದವು. ಅಭ್ಯಾಸಕ್ಕೆ ಮುಂಚೆ ಗೆಳೆಯರ ಜೊತೆ ಕುಡಿಯುತ್ತಿದ್ದ ಎನರ್ಜಿ ಡ್ರಿಂಕಿನ ಸಂಗತಿ, ಬೆಳಗಿನ ಒಂದು ಗಂಟೆವರೆಗೆ ನಡೆಯುತ್ತಿದ್ದ ಫೋನಿನ ಸಂಗತಿ ಎಲ್ಲ ಅಲ್ಲೇ ಹೊರಬಿದ್ದವು. ತಾತನಿಗೆ ಮೊದಲೇ ಗೊತ್ತಿತ್ತಂತೆ, ಹೇಳಿರಲಿಲ್ಲ.

ಮಾತ್ರೆ ಸದ್ಯಕ್ಕೆ ಬೇಡವೆಂದಾಯಿತು. ಆಟಕ್ಕೆ ಅಡ್ಡಿಯಿಲ್ಲ, ಫಾರಮ್ಮಿಗೆ ಸಹಿ ಬಿತ್ತು. ಹಾಗೆ ತೀರ್ಮಾನಿಸಿದ್ದು 116 ಎಂಬ ಒಂದು ಅಂಕಿಯ ಮೇಲಲ್ಲ. ಎಕೋ, ಇಪ್ಪತ್ನಾಲ್ಕು ಗಂಟೆಯ ದಾಖಲೆ, ಕೆಳಗಿನ ಅಂಕಿ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು. ಎಕೋದಲ್ಲಿ ಗೋಡೆ ದಪ್ಪವಾಗಿದ್ದರೆ ಒಳಗಿನ ಒತ್ತಡ ಎಷ್ಟೇ ಚೆನ್ನಾಗಿ ಬಂದರೂ ಮಾತ್ರೆಯ ಮಾತು ಬರುತ್ತಿತ್ತು ಎಂದು ತಜ್ಞರು ಸ್ಪಷ್ಟವಾಗಿ ಹೇಳಿದರು. ಆದರೂ ಆ ಅಂಕಿಯಿಂದ ಒಂದು ಉಪಕಾರವಾಯಿತೆಂದು ನಾನು ಒಪ್ಪುತ್ತೇನೆ. ತೋಳಿನ 138ರ ಅರ್ಥವೇನೆಂಬುದು ಹುಡುಗನಿಗೆ ತಿಳಿಯಿತು. ಪರದೆಯ ಮೇಲೆ ತನ್ನದೇ ಎರಡು ಅಲೆಗಳನ್ನು, ತೋಳಿನ ಮೊನಚು ಅಲೆಯನ್ನೂ ಎದೆಯ ಗುಂಡು ಅಲೆಯನ್ನೂ, ಪಕ್ಕಪಕ್ಕದಲ್ಲಿ ನೋಡಿ, “ಅಂಕಲ್, ಇದು ನಮ್ಮ ಫಿಸಿಕ್ಸ್ ಕ್ಲಾಸಲ್ಲಿ ಇದೆ” ಎಂದ. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದವನು ಆಮೇಲೆ ತಜ್ಞರನ್ನು ಹತ್ತು ನಿಮಿಷ ಪ್ರಶ್ನೆ ಕೇಳಿದ.

ಮಕ್ಕಳ ಬಿ.ಪಿ. ವಿಚಾರಿಸಲು ಫೋನ್ ಮಾಡುವವರಲ್ಲಿ ಒಂದು ಕೋರಿಕೆ. ಮೂರು ವರ್ಷ ತುಂಬಿದ ಮಗುವಿಗೆ ವರ್ಷಕ್ಕೊಮ್ಮೆ ಬಿ.ಪಿ. ನೋಡಬೇಕೆಂಬುದೇ ನಿಯಮ, ನೋಡಿದ್ದಾರೆಯೇ ಎಂದು ಮಗುವಿನ ಡಾಕ್ಟರನ್ನು ಮೊದಲು ಕೇಳಿ. ಅಂಕಿ ಹೇಳುವಾಗ ಎರಡನ್ನೂ ಹೇಳಿ, ಯಾವ ತೋಳು, ಎಷ್ಟು ಹೊತ್ತು ಕೂರಿಸಿದ ಮೇಲೆ ಎಂಬುದನ್ನೂ ಹೇಳಿ. ಹುಟ್ಟಿದಾಗಿನ ತೂಕ, ಬಸುರಿನಲ್ಲಿ ಸಕ್ಕರೆ ಇತ್ತೇ ಎಂಬುದು ಕೈಯಲ್ಲಿರಲಿ. ಓಡಿ ಬಂದ ಕೂಡಲೇ ಬಾಗಿಲಲ್ಲಿ ನಿಲ್ಲಿಸಿ ಅಳೆದದ್ದನ್ನು ಮಾತ್ರ ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ.

ಹುಡುಗನಿಗೆ ವರ್ಷದ ಇಪ್ಪತ್ನಾಲ್ಕು ಗಂಟೆ ಪಟ್ಟಿ ಮತ್ತೆ ಬರುವ ತಿಂಗಳು ಇದೆ. ಆರಡಿ ಎರಡೂವರೆ ಇಂಚು ಆಗಿದ್ದಾನೆ. ಹಪ್ಪಳದ ಡಬ್ಬಿ ಗರಾಜಿನಿಂದ ಒಳಗೆ ಬಂದಿದೆ, ಉಪ್ಪಿನಕಾಯಿ ಇನ್ನೂ ಅಲ್ಲೇ ಇದೆಯಂತೆ.